ಹಿಂದಿನ ಚಕ್ರದ ಡ್ರೈವ್ ಇರುವ ಪಿಕಪ್: ಚಳಿಗಾಲಕ್ಕೆ ಬೆಡ್‌ನಲ್ಲಿ ಎಷ್ಟು ಭಾರ, ಎಲ್ಲಿ ಇಡಬೇಕು?

ದುಲೂತ್‌ಗೆ ಹೊಸಬ

ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ಟೆಕ್ಸಸ್ ಬಿಟ್ಟು ಮಿನ್ನೆಸೋಟದ ದುಲೂತ್‌ಗೆ ಬಂದಿದ್ದೇನೆ. ಜೊತೆಗೆ ನನ್ನ ಹಳೇ ಫೋರ್ಡ್ ಎಫ್-150 ಕೂಡ ಬಂದಿದೆ. 2010ರ ಮಾಡೆಲ್, ಆರೂವರೆ ಅಡಿ ಬೆಡ್ (ಸಾಮಾನು ಹಾಕುವ ಹಿಂದಿನ ತೆರೆದ ಭಾಗ), ಡ್ರೈವ್ ಹಿಂದಿನ ಚಕ್ರಕ್ಕೆ ಮಾತ್ರ. ಇಲ್ಲಿನ ರಸ್ತೆಗಳು ಗುಡ್ಡದಿಂದ ನೇರವಾಗಿ ಸುಪೀರಿಯರ್ ಸರೋವರದ ಕಡೆಗೆ ಇಳಿಯುತ್ತವೆ. ನಮ್ಮ ಮನೆ ಇರುವುದು ಅಂಥದ್ದೇ ಒಂದು ಏರಿನ ಮಧ್ಯದಲ್ಲಿ.

ಮೊದಲ ಸ್ನೋ ಬಿದ್ದ ದಿನವೇ ಸ್ಟಾಪ್ ಸೈನ್‌ನಲ್ಲಿ ನಿಲ್ಲಿಸಿ ಹೊರಡುವಾಗ ಹಿಂದಿನ ಚಕ್ರ ಸುಮ್ನೆ ತಿರುಗುತ್ತಾ ನಿಂತಿತು. ಗಾಡಿಯ ಹಿಂಭಾಗ ನಿಧಾನವಾಗಿ ಪಕ್ಕಕ್ಕೆ ಜಾರಿತು. ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಮರಳಿನ ಚೀಲ ಅಂದರು, ಇನ್ನೊಬ್ಬರು ಸಿಮೆಂಟ್ ಬ್ಲಾಕ್ ಅಂದರು. ಗಾಡಿ ಮಾರಿಬಿಡು ಅಂದವರೂ ಇದ್ದಾರೆ. ಸದ್ಯಕ್ಕೆ ಮಾರುವ ಹಾಗಿಲ್ಲ. ಎಷ್ಟು ಭಾರ ಹಾಕಲಿ, ಎಲ್ಲಿ ಇಡಲಿ? ಅನುಭವ ಇರುವವರು ಹೇಳಿ.

ಮರಳುಮೂಟೆ ಭಟ್ರು

ಮಾರಾಯ್ರೇ, ಗಾಬರಿ ಬೇಡ. ಖಾಲಿ ಪಿಕಪ್ ಅಂದ್ರೆ ಹಾಗೇ. ಎಂಜಿನ್, ಗೇರ್‌ಬಾಕ್ಸ್, ಕೂತವರು ಎಲ್ಲ ಮುಂದೆ. ಹಿಂದೆ ಬರೀ ತಗಡಿನ ಪೆಟ್ಟಿಗೆ. ತಳ್ಳಬೇಕಾದ ಚಕ್ರದ ಮೇಲೇ ಭಾರ ಕಡಿಮೆ.

ಹಾರ್ಡ್‌ವೇರ್ ಅಂಗಡಿಯಲ್ಲಿ 'ಟ್ಯೂಬ್ ಸ್ಯಾಂಡ್' ಕೇಳಿ. ಉದ್ದನೆ ಚೀಲ, ಒಂದೊಂದು 60 ಪೌಂಡ್, ಅಂದ್ರೆ ಸುಮಾರು 27 ಕೆ.ಜಿ. ನಿಮ್ಮ ಗಾಡಿಗೆ ಐದು ಚೀಲ ಸಾಕು. ಎರಡೂ ಚಕ್ರದ ಆರ್ಚ್‌ಗಳ ನಡುವೆ, ಆಕ್ಸಲ್‌ನ ನೇರ ಮೇಲೆ ಅಡ್ಡಡ್ಡ ಮಲಗಿಸಿ. ಒಂದಿಷ್ಟು ಕ್ಯಾಬಿನ್ ಕಡೆಗೆ ಬಂದರೂ ಪರವಾಗಿಲ್ಲ, ಟೇಲ್‌ಗೇಟ್ (ಬೆಡ್‌ನ ಹಿಂಬಾಗಿಲು) ಕಡೆಗೆ ಮಾತ್ರ ಹೋಗಬಾರದು.

ಊರಲ್ಲಿ ಮಳೆಗಾಲದಲ್ಲಿ ತೋಟದ ರಸ್ತೆ ಏರುವಾಗ ಖಾಲಿ ಪಿಕಪ್ ಕೆಸರಲ್ಲಿ ಅರಚಿಕೊಂಡು ನಿಂತರೆ ನಾಲ್ಕು ಜನ ಹಿಂದೆ ಹತ್ತಿ ನಿಲ್ಲುತ್ತಿದ್ದರು, ಅಲ್ವಾ? ಅವರೂ ಚಕ್ರದ ಮೇಲೇ ನಿಲ್ಲುತ್ತಿದ್ದರು. ಇಲ್ಲಿ ಆ ನಾಲ್ಕು ಜನರ ಬದಲು ಐದು ಚೀಲ.

ಫೋರ್‌ವೀಲ್ ರಾಜ

ಇದೆಲ್ಲ ತಾತ್ಕಾಲಿಕ ಗುರು. ದುಲೂತ್‌ನಂಥ ಊರಲ್ಲಿ ಟೂ-ವೀಲ್ ಪಿಕಪ್ ಇಟ್ಟುಕೊಂಡು ಮರಳು ಹೊರುವುದಕ್ಕಿಂತ ಫೋರ್‌ವೀಲ್ ತಗೊಳ್ಳಿ. ಬಟನ್ ಒತ್ತಿದರೆ ಮುಗೀತು.

ಬಫಲೊ ಅಕ್ಕ

ರಾಜ, ಬಟನ್ ಒತ್ತಿದರೆ ಹೊರಡುವುದು ಸುಲಭ ಆಗುತ್ತದೆ. ನಿಲ್ಲಿಸುವುದು ಹೇಗೆ? ಬ್ರೇಕ್ ಹಾಕಿದಾಗ ಎಲ್ಲ ಗಾಡಿಗೂ ನಾಲ್ಕು ಚಕ್ರವೇ ಬ್ರೇಕ್ ಹಿಡಿಯುವುದು. ಫೋರ್‌ವೀಲ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಪ್ರತಿ ವರ್ಷ ಮೊದಲ ಸ್ನೋ ಬಿದ್ದಾಗ ನಮ್ಮ ಕಡೆ ಹೆದ್ದಾರಿಯ ಪಕ್ಕದ ಹಳ್ಳದಲ್ಲಿ ದೊಡ್ಡ ದೊಡ್ಡ ಫೋರ್‌ವೀಲ್ ಗಾಡಿಗಳೂ ಮಲಗಿರುತ್ತವೆ. ಸಲೀಸಾಗಿ ವೇಗ ಹಿಡಿದಿದ್ದಕ್ಕೇ ಅವರಿಗೆ ರಸ್ತೆ ಚೆನ್ನಾಗಿದೆ ಅನ್ನಿಸಿರುತ್ತದೆ.

ಹೊಸಬರೇ, ನೀವು ಕೇಳದೇ ಇದ್ದದ್ದು ಒಂದು ಹೇಳುತ್ತೇನೆ: ಹಾಕಿದ್ದನ್ನು ಕಟ್ಟಿ. ನಮ್ಮ ಬೀದಿಯ ಒಬ್ಬರು ಸಿಮೆಂಟ್ ಬ್ಲಾಕ್‌ಗಳನ್ನು ಬೆಡ್‌ನಲ್ಲಿ ಹಾಗೇ ಬಿಟ್ಟಿದ್ದರು. ಮುಂದಿದ್ದ ಕಾರು ದಿಢೀರನೆ ನಿಂತಿತು, ಇವರು ಬ್ರೇಕ್ ಒತ್ತಿದರು. ಬ್ಲಾಕ್‌ಗಳು ಐಸ್ ಹಿಡಿದ ಬೆಡ್ ಮೇಲೆ ಜಾರಿಕೊಂಡು ಬಂದು ಕ್ಯಾಬಿನ್ನಿನ ಹಿಂದಿನ ತಗಡಿಗೆ ಗುದ್ದಿದವು. ಒಂದು ಮೇಲಕ್ಕೆ ನೆಗೆದು ಗಾಜು ಒಡೆಯಿತು. ಹಿಂದಿನ ಸೀಟಲ್ಲಿ ಅವತ್ತು ಮಕ್ಕಳಿರಲಿಲ್ಲ, ಪುಣ್ಯ.

ಮರಳಿನ ಚೀಲ ಆದರೆ ಬಿದ್ದ ಕಡೆ ಮುದ್ದೆಯಾಗಿ ಕೂರುತ್ತದೆ, ಗಟ್ಟಿ ಮೂಲೆ ಇಲ್ಲ. ಸಿಮೆಂಟ್ ಬ್ಲಾಕ್, ಕಬ್ಬಿಣದ ತುಂಡು, ಹಳೇ ಡಂಬೆಲ್, ಇವೆಲ್ಲ ಬೇಡ.

ದುಲೂತ್‌ಗೆ ಹೊಸಬ

ಅಕ್ಕಾ, ಚೆನ್ನಾಗಿ ಹೇಳಿದ್ರಿ. ಕಟ್ಟುವುದು ಹೇಗೆ? ನನ್ನ ಬೆಡ್‌ನಲ್ಲಿ ನಾಲ್ಕು ಮೂಲೆಯಲ್ಲಿ ಕೊಕ್ಕೆ ಇವೆ, ಅಷ್ಟೇ. ಇನ್ನೊಂದು ಪ್ರಶ್ನೆ: ಟೇಲ್‌ಗೇಟ್ ಹತ್ತಿರ ಇಟ್ಟರೆ ಹಿಂದಿನ ಚಕ್ರಕ್ಕೆ ಇನ್ನೂ ಜಾಸ್ತಿ ಭಾರ ಬೀಳುತ್ತದೆ ಅಂತ ಒಬ್ಬರು ಹೇಳಿದರು. ಅದು ತಪ್ಪಾ?

ಸ್ಟ್ಯಾಟಿಕ್ಸ್ ಮೇಷ್ಟ್ರು

ತಪ್ಪಲ್ಲ, ಆದರೆ ಅರ್ಧ ಮಾತು. ಲೆಕ್ಕ ಮಾಡಿ ನೋಡೋಣ.

ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 12 ಅಡಿ ಅಂತಿಟ್ಟುಕೊಳ್ಳಿ. 140 ಕೆ.ಜಿ. ಮರಳನ್ನು ಹಿಂದಿನ ಆಕ್ಸಲ್‌ನ ಮೇಲೇ ಇಟ್ಟರೆ ಪೂರ್ತಿ 140 ಕೆ.ಜಿ. ಹಿಂದಿನ ಚಕ್ರಕ್ಕೆ ಹೋಗುತ್ತದೆ. ಮುಂದೆ ಏನೂ ಬದಲಾಗದು. ಅದೇ ಮರಳನ್ನು ಆಕ್ಸಲ್‌ನಿಂದ 3 ಅಡಿ ಹಿಂದಕ್ಕೆ ಸರಿಸಿ. ಈಗ ಗಾಡಿ ಏತದ ಹಾಗೆ ಆಗುತ್ತದೆ. ಹಿಂದಿನ ಚಕ್ರಕ್ಕೆ 175 ಕೆ.ಜಿ. ಬೀಳುತ್ತದೆ, ನಿಜ. ಆದರೆ ಆ ಹೆಚ್ಚಿನ 35 ಕೆ.ಜಿ. ಬಂದದ್ದು ಮುಂದಿನ ಚಕ್ರದಿಂದ. ಸ್ಟೇರಿಂಗ್ ತಿರುಗಿಸುವುದು ಆ ಚಕ್ರ. ಬ್ರೇಕ್‌ನ ಹೆಚ್ಚಿನ ಕೆಲಸವೂ ಅದರದ್ದೇ. ಐಸ್ ಮೇಲೆ ಅದನ್ನು ಹಗುರ ಮಾಡುವುದು ಯಾವ ಬುದ್ಧಿ?

ಇನ್ನೂ ಒಂದಿದೆ. ಆಕ್ಸಲ್‌ನಿಂದ ದೂರ ಇಟ್ಟ ಭಾರ ತಿರುವಿನಲ್ಲಿ ಗಾಡಿಯ ಬಾಲವನ್ನು ಹೊರಕ್ಕೆ ಎಳೆಯುತ್ತದೆ. ಒಮ್ಮೆ ಜಾರಲು ಶುರುವಾದರೆ ಹಿಡಿದು ನಿಲ್ಲಿಸುವುದು ಕಷ್ಟ.

ಈಗ ಎಲ್ಲರೂ ಮರೆಯುವ ಲೆಕ್ಕಕ್ಕೆ ಬರುತ್ತೇನೆ. ಗಾಡಿ 2300 ಕೆ.ಜಿ., ಅದರಲ್ಲಿ ಹಿಂದಿನ ಚಕ್ರದ ಮೇಲೆ ಶೇ. 40, ಅಂದರೆ 920 ಕೆ.ಜಿ. ಅಂತಿಟ್ಟುಕೊಳ್ಳಿ. ತುಳಿದು ಗಟ್ಟಿಯಾದ ಸ್ನೋ ಮೇಲೆ ಸಾಮಾನ್ಯ ಟೈರಿನ ಘರ್ಷಣೆ 0.2 ಅಂತಿರಲಿ, ಅಂದರೆ ಚಕ್ರದ ಮೇಲಿನ ಭಾರದ ಐದರಲ್ಲೊಂದು ಪಾಲು ಹಿಡಿತ. ಹಾಗಾದರೆ ಗಾಡಿ ಏರಬಲ್ಲದ್ದು ಸುಮಾರು ಶೇ. 8ರ ಏರು, ನೂರು ಅಡಿಗೆ ಎಂಟು ಅಡಿ. 136 ಕೆ.ಜಿ. ಮರಳು ಹಾಕಿ. ಏರು ಶೇ. 8.7ಕ್ಕೆ ಹೋಗುತ್ತದೆ. ಇಷ್ಟೇ! ಯಾಕೆಂದರೆ ಆ ಮರಳನ್ನೂ ಗಾಡಿ ಹೊತ್ತುಕೊಂಡೇ ಏರಬೇಕು.

ಮರಳು ಹಾಕದೆ ಒಳ್ಳೇ ವಿಂಟರ್ ಟೈರ್ ಹಾಕಿ, ಘರ್ಷಣೆ 0.3 ಆಯಿತು ಅಂತಿಟ್ಟುಕೊಳ್ಳಿ. ಏರು ಶೇ. 12. ಎರಡನ್ನೂ ಮಾಡಿದರೆ 13. ದುಡ್ಡು ಯಾವುದಕ್ಕೆ ಮೊದಲು ಹಾಕಬೇಕು ಅಂತ ನೀವೇ ನೋಡಿ.

ಮರಳುಮೂಟೆ ಭಟ್ರು

ಮೇಷ್ಟ್ರೇ, ಲೆಕ್ಕಕ್ಕೆ ತಕರಾರಿಲ್ಲ. ಟೈರ್ ಮೊದಲು, ಒಪ್ಪಿದೆ. ಆದರೆ ಸೀಟಲ್ಲಿ ಕೂತವರಿಗೆ 8 ಮತ್ತು 8.7ರ ವ್ಯತ್ಯಾಸ ಮಾತ್ರ ಗೊತ್ತಾಗುವುದಿಲ್ಲ, ಬೇರೆ ಏನೋ ಗೊತ್ತಾಗುತ್ತದೆ. ಸ್ನೋಪ್ಲೌ (ಸ್ನೋ ಬದಿಗೆ ತಳ್ಳುವ ಗಾಡಿ) ಹೋದ ಮೇಲೆ ರಸ್ತೆ ಉಬ್ಬುತಗ್ಗಾಗಿ ಹೆಪ್ಪುಗಟ್ಟಿರುತ್ತದಲ್ಲ, ಅದರ ಮೇಲೆ ಖಾಲಿ ಪಿಕಪ್ಪಿನ ಹಿಂಭಾಗ ಕುಣಿಯುತ್ತದೆ. ಚಕ್ರ ಗಾಳಿಯಲ್ಲಿದ್ದರೆ ನಿಮ್ಮ ಘರ್ಷಣೆ ಸೊನ್ನೆ. ಚೀಲ ಹಾಕಿದ ಮೇಲೆ ಆ ಕುಣಿತ ನಿಲ್ಲುತ್ತದೆ.

ಸ್ಟ್ಯಾಟಿಕ್ಸ್ ಮೇಷ್ಟ್ರು

ಒಪ್ಪಿದೆ ಭಟ್ರೇ. ನನ್ನ ಲೆಕ್ಕ ನಿಂತ ಗಾಡಿಯದ್ದು. ಆ ಸ್ಪ್ರಿಂಗ್‌ಗಳನ್ನು ಮಾಡಿರುವುದು ಲೋಡ್ ಹೊರಲಿಕ್ಕೆ. ಖಾಲಿ ಇದ್ದಾಗ ಗಡುಸಾಗಿರುತ್ತವೆ. ಸ್ವಲ್ಪ ಭಾರ ಬಿದ್ದರೆ ಚಕ್ರ ನೆಲಕ್ಕೆ ಅಂಟಿಕೊಂಡು ಓಡುತ್ತದೆ.

ಬ್ರೇಕ್ ಬಗ್ಗೆ ಮಾತ್ರ ಯಾರೂ ಭ್ರಮೆ ಇಟ್ಟುಕೊಳ್ಳಬೇಡಿ. ಭಾರ ಜಾಸ್ತಿಯಾದರೆ ಹಿಡಿತವೂ ಜಾಸ್ತಿ, ನಿಲ್ಲಿಸಬೇಕಾದ ತೂಕವೂ ಅಷ್ಟೇ ಜಾಸ್ತಿ. ಒಂದಕ್ಕೊಂದು ವಜಾ. ಮರಳು ಹಾಕಿದ್ದೇನೆ ಅಂತ ಮುಂದಿನ ಗಾಡಿಗೆ ಹತ್ತಿರ ಹೋಗುವ ಹಾಗಿಲ್ಲ.

ಬಫಲೊ ಅಕ್ಕ

ಕಟ್ಟುವ ಬಗ್ಗೆ ಕೇಳಿದ್ದಿರಿ. ಬೆಡ್‌ನ ಪಕ್ಕದ ಗೋಡೆಯನ್ನು ಒಳಗಿನಿಂದ ನೋಡಿ. ಚಕ್ರದ ಆರ್ಚ್‌ನ ಮುಂದೆ ಮತ್ತು ಹಿಂದೆ ತಗಡಿನಲ್ಲೇ ನೆಟ್ಟಗೆ ಕಾಲುವೆಯಂತೆ ಒತ್ತಿದ ಸಂದು ಇರುತ್ತದೆ. ತುಂಬಾ ಪಿಕಪ್‌ಗಳಲ್ಲಿ ಇದೆ. ಅದು ಟೂ-ಬೈ-ಫೋರ್ ಮರದ ಪಟ್ಟಿ ಕೂರಲಿಕ್ಕೆಂದೇ ಮಾಡಿದ್ದು. ಬೆಡ್‌ನ ಅಗಲಕ್ಕೆ ಎರಡು ಪಟ್ಟಿ ಕೊಯ್ಸಿ. ಆರ್ಚ್‌ನ ಮುಂದೆ ಒಂದು, ಹಿಂದೆ ಒಂದು, ಅಡ್ಡಕ್ಕೆ ಕೂರಿಸಿ. ಎರಡರ ನಡುವೆ ಉದ್ದುದ್ದ ಎರಡು ಪಟ್ಟಿ ಹೊಡೆದರೆ ಚೌಕಟ್ಟು ಆಯಿತು. ಚೀಲಗಳು ಅದರೊಳಗೆ. ಮೇಲಿಂದ ಕೊಕ್ಕೆಯಿಂದ ಕೊಕ್ಕೆಗೆ ರ‍್ಯಾಚೆಟ್ ಪಟ್ಟಿ ಬಿಗಿಯಿರಿ. ಆ ಸಂದು ನಿಮ್ಮ ಬೆಡ್‌ನಲ್ಲಿ ಇಲ್ಲದಿದ್ದರೆ ಚೌಕಟ್ಟನ್ನು ಕ್ಯಾಬಿನ್ ಕಡೆಯ ಗೋಡೆಯವರೆಗೆ ಉದ್ದ ಮಾಡಿ, ಮುಂದಕ್ಕೆ ಜಾರದ ಹಾಗೆ.

ಅಡಿಗೆ ಒಂದು ರಬ್ಬರ್ ಮ್ಯಾಟ್ ಹಾಕಿ. ಇಲ್ಲದಿದ್ದರೆ ಒದ್ದೆ ಚೀಲ ಬೆಡ್‌ಗೆ ಹೆಪ್ಪುಗಟ್ಟಿ ಅಂಟುತ್ತದೆ. ಎಳೆದರೆ ಚೀಲ ಹರಿದು ಮರಳೆಲ್ಲ ತೂಬಿನ ತೂತಿಗೆ ಹೋಗುತ್ತದೆ. ತೂಬು ಕಟ್ಟಿದರೆ ನೀರು ನಿಂತು ತುಕ್ಕು.

ಕ್ಯಾಲ್ಗರಿ ಗೌಡ

ಇಷ್ಟೆಲ್ಲ ಯಾಕ್ರೀ? ಸ್ನೋ ಬೀಳುತ್ತದೆ, ಬೆಡ್ ತುಂಬುತ್ತದೆ, ಭಾರ ಆಯಿತು. ಪುಕ್ಕಟೆ. ವಸಂತ ಬಂದಾಗ ತಾನೇ ಕರಗಿ ಹೋಗುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜ ಹಾಗೇ ಮಾಡುತ್ತಾನೆ.

ಸ್ಟ್ಯಾಟಿಕ್ಸ್ ಮೇಷ್ಟ್ರು

ಗೌಡ್ರೇ, ಆರೂವರೆ ಅಡಿ ಉದ್ದ, 5 ಅಡಿ ಅಗಲದ ಬೆಡ್‌ನಲ್ಲಿ ಒಂದೂವರೆ ಅಡಿ ಸ್ನೋ ಇದ್ದರೆ ಹೆಚ್ಚುಕಡಿಮೆ 1.4 ಘನ ಮೀಟರ್. ಹೊಸದಾಗಿ ಬಿದ್ದ ಹಗುರ ಸ್ನೋ ಘನ ಮೀಟರಿಗೆ 100 ಕೆ.ಜಿ. ಅಂತ ಹಿಡಿದರೆ 140 ಕೆ.ಜಿ. ಆಯಿತು, ಸರಿ. ಅಷ್ಟೇ ಎತ್ತರದ ಸ್ನೋ ನೀರು ಕುಡಿದು ಒತ್ತಿಕೊಂಡದ್ದಾದರೆ ಘನ ಮೀಟರಿಗೆ 300 ಕೆ.ಜಿ. ಲೆಕ್ಕ. ಆಗ 400 ದಾಟುತ್ತದೆ. ಬೆಡ್‌ನಲ್ಲಿ 140 ಇದೆಯೋ 400 ಇದೆಯೋ ನೋಡಿದರೆ ಗೊತ್ತಾಗದು. ಜೊತೆಗೆ ಕ್ಯಾಬಿನ್ನಿನಲ್ಲಿ ನಾಲ್ಕು ಜನ ಕೂತರೆ? ಡ್ರೈವರ್ ಬಾಗಿಲು ತೆರೆದಾಗ ಕಂಬಕ್ಕೆ ಅಂಟಿಸಿದ ಸ್ಟಿಕ್ಕರ್ ಓದಿ. ಜನ ಮತ್ತು ಸಾಮಾನು ಎರಡೂ ಸೇರಿ ಇಷ್ಟೇ ಪೌಂಡ್ ಅಂತ ಬರೆದಿರುತ್ತದೆ. ಹೊಸಬರೂ ನೋಡಿಕೊಳ್ಳಿ.

ನಿಮ್ಮ ಊರಲ್ಲಿ ಚಿನೂಕ್ ಅನ್ನುವ ಬೆಚ್ಚನೆ ಗಾಳಿ ಬೀಸಿದರೆ ಒಂದೇ ದಿನದಲ್ಲಿ ಕರಗುತ್ತದಲ್ಲ?

ಕ್ಯಾಲ್ಗರಿ ಗೌಡ

ಕರಗುತ್ತದೆ. ಮಧ್ಯಾಹ್ನ ಬೆಡ್ ಖಾಲಿ. ರಾತ್ರಿ ಮತ್ತೆ ಚಳಿ, ಉಳಿದ ನೀರು ಅಡಿಯಲ್ಲಿ ಐಸ್ ಹಲಗೆ. ಬೇಕಾದ ದಿನವೇ ಭಾರ ಇರುವುದಿಲ್ಲ. ಸರಿ ಮೇಷ್ಟ್ರೇ, ಅಜ್ಜನಿಗೆ ಹೇಳುತ್ತೇನೆ. ಕೇಳುತ್ತಾನೆ ಅಂತ ಮಾತ್ರ ನಂಬಬೇಡಿ.

ಬಫಲೊ ಅಕ್ಕ

2022ರ ನವೆಂಬರ್‌ನಲ್ಲಿ ಬಫಲೊದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್‌ನಲ್ಲಿ ಆರು ಅಡಿಗೂ ಮೇಲೆ ಸ್ನೋ ಬಿತ್ತು. ಅಜ್ಜನ ಪದ್ಧತಿ ಅಲ್ಲಿ ಮಾಡಿದ್ದರೆ ಗಾಡಿ ಎಲ್ಲಿದೆ ಅಂತ ಹುಡುಕಬೇಕಾಗುತ್ತಿತ್ತು.

ತಮಾಷೆ ಬಿಡಿ. ಬೆಡ್‌ನ ಸ್ನೋ ಹೆದ್ದಾರಿಯಲ್ಲಿ ಹಾರಿ ಹಿಂದಿನವರ ಗಾಜಿಗೆ ಬಡಿಯುತ್ತದೆ. ಹೊರಡುವ ಮೊದಲು ಗುಡಿಸಿಬಿಡಿ.

ಮಂಡ್ಯ ಟ್ರ್ಯಾಕ್ಟರ್

ನಮ್ಮ ಕಡೆ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತೇವೆ. ಗದ್ದೆಯಲ್ಲಿ ಚಕ್ರ ಸುತ್ತುವುದು ಕಮ್ಮಿ ಆಗುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಪಿಕಪ್‌ಗೆ ಅದೇ ಮಾಡಿದರೆ ಬೆಡ್ ಖಾಲಿ ಉಳಿಯುತ್ತದಲ್ಲ? ಸುಮ್ನೆ ಕೇಳಿದೆ.

ಮರಳುಮೂಟೆ ಭಟ್ರು

ಅಯ್ಯೋ ಬೇಡ. ಟ್ರ್ಯಾಕ್ಟರ್ ನಿಧಾನಕ್ಕೆ ಓಡುವುದು. ಹೆದ್ದಾರಿಯ ವೇಗದಲ್ಲಿ ಟೈರೊಳಗೆ ನೀರು ಕುಲುಕಾಡಿದರೆ ಸ್ಟೇರಿಂಗ್ ಹಿಡಿಯಲಿಕ್ಕೆ ಆಗದು, ಟೈರೂ ಉಳಿಯದು. ಮೇಲಾಗಿ ಇಲ್ಲಿನ ಚಳಿಗೆ ಬರೀ ನೀರು ಐಸಾಗುತ್ತದೆ. ಇಲ್ಲಿನ ರೈತರೂ ಟ್ರ್ಯಾಕ್ಟರ್ ಟೈರಿಗೆ ತುಂಬಿಸುತ್ತಾರೆ. ಹೆಪ್ಪುಗಟ್ಟದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರು, ಇಲ್ಲಾಂದ್ರೆ ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆಯ ರಸ. ಕ್ಯಾಲ್ಸಿಯಂ ಕ್ಲೋರೈಡ್ ರಿಮ್ ತಿನ್ನುತ್ತದೆ, ಗೆಡ್ಡೆಯ ರಸಕ್ಕೆ ಆ ಕಾಟ ಇಲ್ಲ.

ಬೆಡ್‌ನಲ್ಲಿ ಹಾಸುವ ನೀರಿನ ರಬ್ಬರ್ ಚೀಲ ಸಿಗುತ್ತದೆ. ವಸಂತದಲ್ಲಿ ನೀರು ಬಿಟ್ಟು ಮಡಚಿ ಇಡಬಹುದು, ಅದೊಂದು ಅನುಕೂಲ. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ, ಗಂಟಲವರೆಗೆ ತುಂಬಿಸಬೇಡಿ.

ಆದರೂ ನನ್ನ ಓಟು ಮರಳಿಗೇ. ಸಿಕ್ಕಿಹಾಕಿಕೊಂಡ ದಿನ ಒಂದು ಚೀಲ ಕೊಯ್ದು ಚಕ್ರದ ಮುಂದೆ ಚೆಲ್ಲಬಹುದು. ನೀರು ಚೆಲ್ಲಿದರೆ ಇನ್ನಷ್ಟು ಐಸ್!

ದುಲೂತ್‌ಗೆ ಹೊಸಬ

ಹಾಗಾದರೆ ಮರಳಿನ ಬದಲು ಉಪ್ಪಿನ ಚೀಲ ಇಟ್ಟರೆ? ಐಸೂ ಕರಗುತ್ತದೆ.

ಮರಳುಮೂಟೆ ಭಟ್ರು

ಉಪ್ಪು ಬೆಡ್‌ನಲ್ಲಿ ಸೋರಿದರೆ ತಗಡು ತಿನ್ನುತ್ತದೆ. ಮೊದಲೇ ಇಲ್ಲಿ ಗಾಡಿಯ ಅಡಿಯೆಲ್ಲ ಉಪ್ಪು. ಮತ್ತೆ ಮೈನಸ್ 9 ಡಿಗ್ರಿಗಿಂತ ಕೆಳಗೆ ಸಾದಾ ಉಪ್ಪಿನ ಕೆಲಸ ತುಂಬಾ ನಿಧಾನ. ಜನವರಿಯ ಬೆಳಗ್ಗೆ ನೀವು ಚೆಲ್ಲಿ ಕಾಯುತ್ತಾ ನಿಲ್ಲಬೇಕು. ಮರಳು ಹಾಗಲ್ಲ, ಎಷ್ಟೇ ಚಳಿಯಿದ್ದರೂ ಕಚ್ಚುತ್ತದೆ. ಕೆಲವರು ಬೆಕ್ಕಿನ ಶೌಚದ ತಟ್ಟೆಗೆ ಹಾಕುವ ಮರಳು ಇಡುತ್ತಾರೆ. ಅದರಲ್ಲಿ ನೀರು ತಾಗಿದರೆ ಗಟ್ಟಿಯಾಗುವ ಜಾತಿ ತರಬೇಡಿ, ಲೋಳೆಯಾಗುತ್ತದೆ.

ಒಂದು ಚೀಲವನ್ನು ಮನೆಯೊಳಗೆ ಒಣಗಿಸಿ, ಡಬ್ಬಿಗೆ ಸುರಿದು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಿ. ಬೆಡ್‌ನಲ್ಲಿರುವುದು ಒದ್ದೆಯಾಗಿ ಕಲ್ಲಾಗಿರುತ್ತದೆ, ಬೇಕಾದಾಗ ಕೈಗೆ ಬರುವುದಿಲ್ಲ.

ಮಾಂಟ್ರಿಯಲ್ ಮಾವ

ತಡವಾಗಿ ಬಂದೆ. ಟೈರಿನ ಬಗ್ಗೆ ಒಂದು ಮಾತು. ನಮ್ಮ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ, ಇಲ್ಲದಿದ್ದರೆ ದಂಡ. ಮಿನ್ನೆಸೋಟದಲ್ಲಿ ಆ ಕಡ್ಡಾಯ ಇಲ್ಲ. ಅದಕ್ಕೇ ಜನ ಮರಳಿನಲ್ಲಿ ಮುಗಿಸಲು ನೋಡುತ್ತಾರೆ.

ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಗುರುತು ನೋಡಿ ತಗೊಳ್ಳಿ. ಬರೀ 'ಎಂ+ಎಸ್' (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಇದ್ದರೆ ಸಾಲದು. ಆ ಗುರುತು ಸಿಗಬೇಕಾದರೆ ಟೈರ್ ಸ್ನೋ ಮೇಲೆ ಪರೀಕ್ಷೆ ಪಾಸಾಗಿರಬೇಕು, 'ಎಂ+ಎಸ್'ಗೆ ಅದಿಲ್ಲ. ಬೇಸಿಗೆ ಟೈರಿನ ರಬ್ಬರ್ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ. ವಿಂಟರ್ ಟೈರಿನದ್ದು ಮೆತ್ತಗೇ ಇರುತ್ತದೆ.

ನಾಲ್ಕೂ ಹಾಕಿಸಿ. ಡ್ರೈವ್ ಹಿಂದೆ ಇದೆ ಅಂತ ಹಿಂದಿನ ಎರಡಕ್ಕೆ ಮಾತ್ರ ಹಾಕಿಸುವವರಿದ್ದಾರೆ. ಹೊರಡುತ್ತದೆ, ಆದರೆ ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರ ಹೋಗುತ್ತದೆ.

ಗಾಳಿಯನ್ನೂ ನೋಡುತ್ತಿರಿ. ಚಳಿ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಸರಿಯಿದ್ದದ್ದು ಜನವರಿಯಲ್ಲಿ ಸರಿ ಇರುವುದಿಲ್ಲ. ಭಾರ ಹಾಕಿದ ಗಾಡಿ ಅಂದಮೇಲೆ ಇನ್ನೂ ಮುಖ್ಯ.

ಫೋರ್‌ವೀಲ್ ರಾಜ

ಸರಿ, ನನ್ನದೂ ಒಂದು ಉಪಯೋಗದ ಮಾತಿರಲಿ. ಸಿಕ್ಕಿಹಾಕಿಕೊಂಡಾಗ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಹಿಂದೆ ಮುಂದೆ ನಿಧಾನಕ್ಕೆ ತೂಗಿ ತೆಗೆಯಿರಿ. ಆನ್ ಇದ್ದರೆ ಚಕ್ರ ಸ್ವಲ್ಪ ಸುತ್ತಿದ ಕೂಡಲೇ ಎಂಜಿನ್ನಿನ ಶಕ್ತಿ ಕಡಿಯುತ್ತದೆ, ಗಾಡಿ ತೂಗಲು ಬಿಡುವುದಿಲ್ಲ. ಹೊರಬಂದ ಮೇಲೆ ಆನ್ ಮಾಡಲು ಮರೆಯಬೇಡಿ.

ದುಲೂತ್‌ಗೆ ಹೊಸಬ

ಎಲ್ಲರಿಗೂ ಧನ್ಯವಾದ. ಟೈರ್ ಆರ್ಡರ್ ಮಾಡಿದೆ, ನಾಲ್ಕೂ. ಅಕ್ಕ ಹೇಳಿದ ಸಂದು ನನ್ನ ಬೆಡ್‌ನಲ್ಲೂ ಇದೆ. ಚೌಕಟ್ಟು ಹೊಡೆದು ಐದು ಚೀಲ ಹಾಕಿದೆ. ಮನೆ ಏರು ಈಗ ನಿಧಾನಕ್ಕೆ ಹತ್ತುತ್ತದೆ. ಹಿಂಭಾಗ ಪಕ್ಕಕ್ಕೆ ಹೋಗುವುದು ತುಂಬಾ ಕಮ್ಮಿ. ಟೈರ್ ಬಂದ ಮೇಲೆ ಮತ್ತೆ ಬರೆಯುತ್ತೇನೆ. ಪೆಟ್ರೋಲಿಗೆ ಎಷ್ಟು ಹೊಡೆತ ಬೀಳುತ್ತದೆ?

ಸ್ಟ್ಯಾಟಿಕ್ಸ್ ಮೇಷ್ಟ್ರು

100 ಪೌಂಡಿಗೆ ಮೈಲೇಜ್ ಸುಮಾರು ಶೇ. 1 ಇಳಿಯುತ್ತದೆ ಅಂತ ಅಮೆರಿಕದ ಸರ್ಕಾರಿ ಲೆಕ್ಕ. ದೊಡ್ಡ ಗಾಡಿಗೆ ಅದಕ್ಕಿಂತ ಕಡಿಮೆ. ಚಳಿಗಾಲದಲ್ಲಿ ಪರವಾಗಿಲ್ಲ. ಏಪ್ರಿಲ್ ಬಂದ ಮೇಲೂ ಚೀಲ ಹೊತ್ತುಕೊಂಡು ಓಡಾಡುವುದು ದಂಡ.

ರಾತ್ರಿ ಒಮ್ಮೆ ಗೋಡೆಯ ಎದುರು ನಿಲ್ಲಿಸಿ ಹೆಡ್‌ಲೈಟ್ ನೋಡಿ. ಹಿಂಭಾಗ ಕುಗ್ಗಿದರೆ ಬೆಳಕು ಮೇಲಕ್ಕೆ ಹೋಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಒಂದು ಸ್ಕ್ರೂ ತಿರುಗಿಸಿದರೆ ಸರಿಯಾಗುತ್ತದೆ.

ಮಿಲ್ವಾಕಿ ಮಗಳು

ಇದನ್ನೆಲ್ಲ ಓದಿ ನಾನೂ ಮೂರು ಚೀಲ ತಂದೆ. ನನ್ನದು ಫೋರ್ಡ್ ಮೆವರಿಕ್ ಹೈಬ್ರಿಡ್, ಫ್ರಂಟ್‌ವೀಲ್ ಡ್ರೈವ್. ಆಕ್ಸಲ್ ಮೇಲೇ ಇಡಲಾ?

ಬಫಲೊ ಅಕ್ಕ

ಇಡಬೇಡಮ್ಮ. ನಿನ್ನ ಗಾಡಿ ಎಳೆಯುವುದು ಮುಂದಿನ ಚಕ್ರ, ಅದರ ಮೇಲೆ ಎಂಜಿನ್ ಈಗಾಗಲೇ ಕೂತಿದೆ. ಹಿಂದೆ ಭಾರ ಹಾಕಿದರೆ ಮುಂದಿನ ಹಿಡಿತ ಹೆಚ್ಚಾಗದು, ಏರಿನಲ್ಲಿ ಎಳೆಯಬೇಕಾದ ತೂಕ ಮಾತ್ರ ಹೆಚ್ಚಾಗುತ್ತದೆ. ಬಿಲ್ ಇದ್ದರೆ ಎರಡು ಚೀಲ ವಾಪಸ್ ಕೊಡು. ಇನ್ನೊಂದನ್ನು ಮೆಟ್ಟಿಲಿನ ಮೇಲೆ ಚೆಲ್ಲಲಿಕ್ಕೆ ಬಾಗಿಲ ಹತ್ತಿರ ಇಟ್ಟುಕೋ.